ಒಳಗೆ ಮಲಗಿದ್ದವಳನ್ನು ಎಬ್ಬಿಸು ಎಂದವರು ಯಾರು?

ಇಂಥ ನಂಬಲಾಗದ ಕಥೆ ಹೇಳುವವರನ್ನು ನಾನು ಸುಮ್ಮನೆ ಬಿಟ್ಟವಳಲ್ಲ. ಪಾಂಡವಪುರದಲ್ಲಿ ಕಾಲೇಜು ಓದುವಾಗ ಚರ್ಚಾಸ್ಪರ್ಧೆಗೆಂದು ಕೆ.ಆರ್. ಪೇಟೆ, ನಾಗಮಂಗಲ ಸುತ್ತಿ, 'ಯಾರು ನೋಡಿದರು? ಸಾಕ್ಷಿ ಎಲ್ಲಿ?' ಎಂದು ಎದುರು ಪಕ್ಷದವರ ಬಾಯಿ ಮುಚ್ಚಿಸಿದ್ದೇನೆ. ಅದೇ ಪ್ರಶ್ನೆಯನ್ನು ಈಗ ನೀವು ನನಗೆ ಕೇಳಬಹುದು. ನನ್ನ ಬಳಿ ಇರುವುದು ನಡೆದದ್ದಷ್ಟೇ.

ಮೂರು ವರ್ಷದ ಹಿಂದೆ ಎಂ.ಎಸ್. ಓದಲು ಅಮೆರಿಕದ ಕಾನ್ಸಾಸಿಗೆ ಹೋದೆ. ಬಾಡಿಗೆ, ಊಟ ಎಲ್ಲ ಅಗ್ಗ ಎಂದೇ ಆ ರಾಜ್ಯ ಆರಿಸಿಕೊಂಡಿದ್ದು. ಸಿಕ್ಕಿದ್ದು ಹಳೇ ಮರದ ಮನೆ, ಹೊರಗೆ ಮೊಣಕಾಲುದ್ದ ಹಿಮ. ಜೊತೆಗಿರಬೇಕಿದ್ದ ನಾಗಮಂಗಲದ ಸುನೀತ ಭಾನುವಾರ ಬರುತ್ತಾಳೆಂದು ಮನೆಯಲ್ಲಿ ಹೇಳಿದ್ದೆ. ಅವಳು ಟಿಕೆಟ್ ಬದಲಾಗಿ ಶುಕ್ರವಾರ ಮಧ್ಯಾಹ್ನವೇ ಬಂದಿಳಿದು, ಒಳಕೋಣೆ ಸೇರಿ ಮಲಗಿಬಿಟ್ಟಳು. ಪ್ರಯಾಣದ ಸುಸ್ತು ಅಂದುಕೊಂಡೆ. ನನಗೂ ತಲೆ ಭಾರವಾಗಿತ್ತು.

ಸಂಜೆ ನಮ್ಮೂರು ಕಿರಂಗೂರಿನಿಂದ ಅಜ್ಜಿಯ ಫೋನು. ಅಲ್ಲಿ ಆಗಷ್ಟೇ ಬೆಳಗಾಗುತ್ತಿತ್ತು. ಹೊಸ ಮನೆಯಲ್ಲಿ ಹಾಲು ಉಕ್ಕಿಸಿದೆಯಾ ಎಂಬುದೇ ಮೊದಲ ಪ್ರಶ್ನೆ.

"ಬಾಡಿಗೆ ಮನೆಗೂ ಯಾಕಜ್ಜಿ? ಉಕ್ಕಿದ್ರೆ ಒಲೆ ಒರೆಸೋಳು ನಾನು."

"ನಿನ್ ಲಾಯರ್ ಮಾತೆಲ್ಲ ಆಮ್ಯಾಲಿಟ್ಕೊ, ಮೊದ್ಲು ಪಾತ್ರೆ ಮಡುಗು."

ಕಾಟ ತಪ್ಪಲೆಂದು ಇಟ್ಟೆ.

"ಮನೇಲಿರೋರೆಲ್ಲಾ ಒಲೆ ಮುಂದೆ ನಿಂತ್ಕಬೇಕು ಕಣವ್ವ. ಒಳಗ್ ಮಲಗವ್ಳಲ್ಲ, ಆ ಎಣ್ಮಗೀನೂ ಎಬ್ರುಸು. ಬಿರ್ನೆ ಓಗು."

"ಅವಳು ಬಂದಿರೋದು ನಿಂಗ್ಯಾರು ಹೇಳಿದ್ದು?" ಎಂದೆ. ಫೋನು ಕಟ್ಟಾಯಿತು.

ಹೆದರಿ ಒಳಗೆ ಹೋದೆ ಅಂದುಕೊಳ್ಳಬೇಡಿ. ಅಜ್ಜಿಯ ಶಾಸ್ತ್ರಕ್ಕೆ ನಗಲು ನನ್ನ ಪಕ್ಷಕ್ಕೊಬ್ಬಳಿರಲಿ ಎಂದು ಹೋದೆ. ಕರೆದೆ. ಏಳಲಿಲ್ಲ. ಅಲುಗಿಸಿದೆ. ಕಣ್ಣು ಅರ್ಧ ತೆರೆದಳು. ತುಟಿ ಆಡಿತು, ಮಾತು ಹೊರಡಲಿಲ್ಲ. ಎತ್ತಿ ನಿಲ್ಲಿಸಿದರೆ ಕಾಲು ಕುಸಿದವು. ನನ್ನ ಕಾಲೂ ನನ್ನ ಮಾತು ಕೇಳುತ್ತಿರಲಿಲ್ಲ. ಕಂಬಳಿ ಸಮೇತ ಅವಳನ್ನು ಎಳೆದುಕೊಂಡು ಹೋಗಿ ಹಿಮದ ಮೇಲೆ ಬಿದ್ದೆ, ಕಿರುಚಿದೆ. ಪಕ್ಕದ ಮನೆಯವರು ಆಂಬುಲೆನ್ಸ್ ಕರೆಸಿದರು. ಒಳಕೋಣೆಯ ಗೋಡೆಯಾಚೆ ಗ್ಯಾಸ್ ಹೀಟರಿನ ಹೊಗೆ ಕೊಳವೆ ಒಡೆದು, ವಾಸನೆಯೇ ಇಲ್ಲದ ವಿಷಗಾಳಿ ಮನೆ ತುಂಬಿತ್ತಂತೆ. ಸುನೀತ ಎರಡು ದಿನ ಆಸ್ಪತ್ರೆಯಲ್ಲಿದ್ದು ಬದುಕಿಕೊಂಡಳು.

ಆಮೇಲೆ ವಾದ ಶುರು ಮಾಡಿದೆ, ನನ್ನ ಜೊತೆಗೇ. ನಾನೇ ಬಾಯಿತಪ್ಪಿ ಹೇಳಿದ್ದೆನೆ? ಹಾಗಿದ್ದರೆ 'ಯಾರು ಹೇಳಿದ್ದು' ಎಂದು ಕೇಳುತ್ತಿದ್ದೆನೆ? ಸುನೀತಳ ಮನೆಯವರು ತಿಳಿಸಿರಬಹುದೆ? ಅವರ ಹತ್ತಿರ ನಮ್ಮವರ ನಂಬರೇ ಇರಲಿಲ್ಲ. ವಿಷಗಾಳಿಗೆ ತಲೆ ಕೆಟ್ಟು ಏನೋ ಕೇಳಿಸಿತೆ? ಇರಬಹುದು, ಇದೇ ಗಟ್ಟಿ ವಾದ. ಆದರೆ ಕೆಟ್ಟ ತಲೆಗೆ ಸರಿಯಾದ ಮಾತೇ ಕೇಳಿಸಿದ್ದು ಹೇಗೆ?

ಅಜ್ಜಿಯನ್ನು ಕೇಳಿದರೆ, "ನಾನೆಲ್ಲವ್ವ ಅಂಗಂದೆ? ಪಾತ್ರೆ ಮಡುಗು ಅಂದೆ, ಪೋನು ಕಟ್ಟಾಯ್ತು. ಯಾವ ಎಣ್ಣು, ನಂಗೇನ್ ಗೊತ್ತು?" ಎಂದಳು.

ಕಳೆದ ತಿಂಗಳು ನಾನು ಊರಿಗೆ ಬಂದಾಗ ಸುನೀತಳ ತಾಯಿ ಹುಡುಕಿಕೊಂಡು ಬಂದು ಅಜ್ಜಿಯ ಕಾಲು ಹಿಡಿದರು. ಅಜ್ಜಿ ಗಾಬರಿಯಿಂದ ಕಾಲು ಎಳೆದುಕೊಂಡು, "ನಾನಲ್ಲ ಕಣವ್ವ, ನಾನಲ್ಲ" ಎಂದಳು. ಇಬ್ಬರೂ ನನ್ನತ್ತ ತಿರುಗಿದರು. ಮಾತಿಗೆ ಎಂದೂ ತಡವರಿಸದವಳು, ಎದ್ದು ಒಳಗೆ ಹೋಗಿ ಹಾಲಿನ ಪಾತ್ರೆಯನ್ನು ಒಲೆ ಮೇಲಿಟ್ಟೆ.