ಒಲಿ ಎಲ್ಲೈತ್ರಿ?

ಕುಕನೂರಿನ ಸೋಲಾರ್ ಮಿಸ್ತ್ರಿಯೊಬ್ಬರು ಯಾವ ಮನೆಗೆ ಹೋದರೂ, ಮಾಳಿಗೆ ಹತ್ತುವ ಮೊದಲು ಹೊಸ್ತಿಲಲ್ಲಿ ನಿಂತು, ಕಿವಿಯ ಮೇಲೆ ಸಿಕ್ಕಿಸಿದ ಟೆಸ್ಟರನ್ನು ತೆಗೆಯುತ್ತ, ಒಂದೇ ಪ್ರಶ್ನೆ ಕೇಳುತ್ತಿದ್ದರು: “ಒಲಿ ಎಲ್ಲೈತ್ರಿ?” ಮೊದಲ ದೀಪದ ಜಾಗವನ್ನು ಒಲೆಯ ಬಳಿ ಗುರುತು ಮಾಡಿದ ಮೇಲೆಯೇ ಉಳಿದ ಕೆಲಸ. ಬೆಳಕಿನ ಹಂಚಿಕೆಯಲ್ಲಿಯೂ ನ್ಯಾಯವಿರಬೇಕೆಂದು ನಂಬಿದ ನನಗೆ ಅವರ ಕ್ರಮ ಹಿಡಿಸಿತ್ತು.

ಯಲಬುರ್ಗಾ ದಾರಿಯಲ್ಲಿ, ವಿದ್ಯುತ್ ಕಂಬ ಇನ್ನೂ ತಲುಪದ ಹೊಲದ ಮನೆಯೊಂದಕ್ಕೆ ಒಮ್ಮೆ ನಾನೂ ಅವರೊಡನೆ ಹೋಗಿದ್ದೆ. ಪಡಸಾಲೆಗೆ ಟಿವಿ, ಅಂಗಳಕ್ಕೆ ದೊಡ್ಡ ದೀಪ, ಇವೆರಡೇ ಸಾಕೆಂದರು ಯಜಮಾನರು.

“ಬ್ಯಾಟರಿ ಸಣ್ಣದೈತ್ರಿ ಗೌಡ್ರ. ಅವೆರಡೂ ಹಚ್ಚಿದ್ರ ನಸುಕಿಗೆ ಏನೂ ಉಳಿಯೂದಿಲ್ಲ” ಎಂದರು ಮಿಸ್ತ್ರಿ.

“ನಸುಕಿಗೆ ಯಾರಿಗೆ ಬೇಕಾಗೈತಿ?”

ಮಿಸ್ತ್ರಿ ವಾದಕ್ಕಿಳಿಯದೆ, ನೀರು ತಂದ ಸೊಸೆಯತ್ತ ತಿರುಗಿದರು. “ಯವ್ವಾ, ಎಷ್ಟೊತ್ತಿಗೆ ರೊಟ್ಟಿ ಬಡಿತಿ?”

“ನಸುಕಿನ್ಯಾಗರಿ. ಮೊಬೈಲ್ ಬೆಳಕಿನ್ಯಾಗ.”

ಪಡಸಾಲೆಯಲ್ಲಿ ಕುಳಿತಿದ್ದ ಯಜಮಾನರ ತಾಯಿ ನಕ್ಕರು. “ರೊಟ್ಟಿ ಸೀದಾವ ಅಂತ ದಿನಾ ಬೈತಿದ್ದಿಯಲ್ಲೋ ತಮ್ಮಾ, ಈಗ ಕೇಳಿಸ್ತೇನು?”

ಯಜಮಾನರು ಮೀಸೆ ಸವರಿಕೊಂಡು, “ಅಂಗಳದ್ದು ಬಿಡು, ಒಳಗ ಹಾಕು” ಎಂದರು.

ಮಧ್ಯಾಹ್ನದ ಹೊತ್ತಿಗೆ ಕಿಟಕಿಯಿಲ್ಲದ ಆ ಅಡುಗೆಮನೆಯಲ್ಲಿ ದೀಪ ಹತ್ತಿತು. ಸೊಸೆ ಒಲೆಯ ಹಿಂದಿನ ಗೋಡೆಯನ್ನೇ ನೋಡುತ್ತ ನಿಂತಳು.

“ಇಷ್ಟು ಮಸಿ ಇತ್ತೇನ್ರಿ ಇಲ್ಲಿ?”

ಮಿಸ್ತ್ರಿ ಟೆಸ್ಟರನ್ನು ಮತ್ತೆ ಕಿವಿಯ ಮೇಲೆ ಸಿಕ್ಕಿಸಿಕೊಂಡರು. “ಗೌಡ್ರ, ನನ್ನ ಕೆಲಸ ಮುಗೀತು. ಇನ್ನ ನೀವು ಸುಣ್ಣ ತರಸ್ರಿ.”