ನೇತ್ರ ಬ್ಯಾಂಕಿನಿಂದ ಹೊರಡದ ಮೇಲ್

ಕೋವಿಡ್ ಕಳೆದ ಎರಡನೆಯ ವರ್ಷ. ಆಗ ನಾನು ಚಾಮರಾಜಪೇಟೆಯ ಒಂದು ಸಣ್ಣ ನೇತ್ರ ಬ್ಯಾಂಕಿನಲ್ಲಿ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ದಾನವಾಗಿ ಬಂದ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯನ್ನು, ಪರೀಕ್ಷಿಸಿ ಆಸ್ಪತ್ರೆಗಳಿಗೆ ಕಳಿಸುವುದು ಅಲ್ಲಿನ ಕೆಲಸ. ವರದಿ ಸಿದ್ಧವಾದೊಡನೆ ನಮ್ಮ ಸರ್ವರ್ ತಾನಾಗಿ ಸರ್ಜನ್‌ಗಳಿಗೆ ಮೇಲ್ ಕಳಿಸುತ್ತಿತ್ತು.

ಒಂದು ಶ್ರಾವಣದ ಮಧ್ಯಾಹ್ನ. ಮೋಡ ಕವಿದು ಬೀದಿಯೆಲ್ಲ ನೀರಿನಡಿಯಲ್ಲಿದ್ದಂತೆ ಮಂಕಾಗಿತ್ತು. ಯಾವುದೋ ಮದುವೆ ಛತ್ರದ ನಾದಸ್ವರ ಬಿಟ್ಟುಬಿಟ್ಟು ತೇಲಿಬರುತ್ತಿತ್ತು. ಹೊರಗಿನ ಬೆಂಚಿನಲ್ಲಿ ಮಾವಳ್ಳಿಯ ಸುಮಿತ್ರಾ ಕೂತಿದ್ದರು. ಮೊನ್ನೆ ತೀರಿಕೊಂಡ ಅವರ ತಾಯಿಯ ಕಣ್ಣುಗಳು ನಮ್ಮಲ್ಲಿದ್ದವು. ಮನೆಯಲ್ಲಿ ಇರಲಾಗದೆ, ಅಮ್ಮನ ಕಣ್ಣು ಯಾರಿಗಾದರೂ ಆಯಿತೇ ಎಂದು ಕೇಳಲು ಬಂದಿದ್ದರು.

ನಮ್ಮ ಮುಖ್ಯಸ್ಥೆ ಡಾಕ್ಟರ್ ಶಾರದಾ ನನ್ನ ಮೇಜಿನ ಬಳಿ ಬಂದು ದನಿ ತಗ್ಗಿಸಿದರು. "ಬೆಳಿಗ್ಗೆನೇ ವರದಿ ಹೋಗಿದೆ ಗೀತಾ. ಇಷ್ಟು ಒಳ್ಳೇ ಕಾರ್ನಿಯಾಗೆ ಒಬ್ರೂ ಉತ್ತರ ಕೊಟ್ಟಿಲ್ಲ. ಯಾರಿಗೂ ಬೇಡ್ವೇನೋ. ಇವ್ರಿಗೆ ಏನಂತ ಹೇಳ್ಲಿ?"

ತೆರೆಯ ಮೇಲೆ 'ಕಳಿಸಲಾಗಿದೆ' ಎಂದೇ ಇತ್ತು. ಆದರೂ ಆ ಮೌನ ನನಗೆ ಸರಿಬರಲಿಲ್ಲ.

ನಮ್ಮಂಥ ಸರ್ವರ್‌ಗಳಲ್ಲಿ ಒಂದು ಪದ್ಧತಿಯಿದೆ. ಮೇಲ್ ಕಳಿಸಬೇಕಾದಾಗ ಎಲ್ಲ ತಂತ್ರಾಂಶಗಳೂ 'ಸೆಂಡ್‌ಮೇಲ್' ಎಂಬ ಒಂದೇ ಹೆಸರನ್ನು ಕರೆಯುತ್ತವೆ. ಆ ಹೆಸರಿಗೆ ಯಾವ ಪ್ರೋಗ್ರಾಂ ಓಗೊಡಬೇಕು ಎಂಬುದನ್ನು ಪುಟ್ಟ ಕಾನ್ಫಿಗರೇಷನ್ ಫೈಲ್ ಒಂದು ತೀರ್ಮಾನಿಸುತ್ತದೆ. ಅದನ್ನು ತೆರೆದೆ. ಹಿಂದಿನ ಸಂಜೆ ತಾನಾಗಿ ನಡೆದ ಅಪ್‌ಡೇಟ್, ನಾವು ಬಳಸುತ್ತಿದ್ದ ಪ್ರೋಗ್ರಾಂನ ಹೆಸರು ಅಳಿಸಿ, ಸರ್ವರ್‌ನಲ್ಲಿ ಬಳಸದೆ ಉಳಿದಿದ್ದ ಹಳೆಯದೊಂದರ ಹೆಸರು ಬರೆದಿತ್ತು. ಆ ಹಳೆಯದು ಮೇಲ್‌ಗಳನ್ನು ಪಡೆದು, ಹೊರದಾರಿ ತಿಳಿಯದೆ, ತನ್ನಲ್ಲೇ ಇಟ್ಟುಕೊಂಡು ಸುಮ್ಮನಿತ್ತು.

"ಮೇಡಂ, ಯಾರೂ ಬೇಡ ಅಂದಿಲ್ಲ. ಯಾರಿಗೂ ಗೊತ್ತೇ ಆಗಿಲ್ಲ."

ಅವರು ಒಂದು ಕ್ಷಣ ಕಣ್ಣು ಮುಚ್ಚಿದರು. "ನಾನು ಫೋನ್ ಮಾಡ್ತೀನಿ, ನೀನು ವರದಿ ಕಳ್ಸು. ಅದನ್ನ ನೋಡ್ದೆ ಯಾರೂ ಒಪ್ಪಲ್ಲ."

ಫೈಲಿನಲ್ಲಿ ಆ ಹೆಸರಿದ್ದ ಸಾಲನ್ನು ತಿದ್ದಿ, ಮೊದಲು ನನಗೇ ಒಂದು ಮೇಲ್ ಕಳಿಸಿಕೊಂಡೆ. ಮೊಬೈಲ್ ಗುಯ್‌ಗುಟ್ಟಿತು. ಆಮೇಲೆ ವರದಿಗಳನ್ನು ಮತ್ತೆ ಕಳಿಸಿದೆ. ಹೊರಗೆ ಮಳೆ ಸಣ್ಣಗೆ ಶುರುವಾಗಿತ್ತು. ಕಾಣದ ದಾರಿಯಲ್ಲಿ ಅವು ಊರಿನ ಮೇಲೆ ಹಾದುಹೋಗುತ್ತಿವೆ ಅನ್ನಿಸಿ, ಕಿಟಕಿಯಾಚೆ ನೋಡುತ್ತ ಕೂತುಬಿಟ್ಟೆ. ಎಷ್ಟೋ ಹೊತ್ತಿನ ಮೇಲೆ ಒಂದು ಆಸ್ಪತ್ರೆಯಿಂದ, ಅದರ ಹಿಂದೆಯೇ ಇನ್ನೊಂದರಿಂದ ಒಪ್ಪಿಗೆ ಬಂತು.

ಶಾರದಾ ಹೊರಗೆ ಹೋಗಿ ಸುಮಿತ್ರಾ ಪಕ್ಕದಲ್ಲಿ ಕೂತರು. "ನಾಳೆ ಬೆಳಿಗ್ಗೆ ಇಬ್ರಿಗೆ ಹಾಕ್ತಾರಮ್ಮ."

"ಯಾರಿಗೆ ಡಾಕ್ಟ್ರೇ?"

"ಅದನ್ನ ಹೇಳೋ ಹಾಗಿಲ್ಲ."

ಸುಮಿತ್ರಾ ಸೆರಗಿನಿಂದ ಮುಖ ಒರೆಸಿಕೊಂಡರು. "ಬೇಡ ಬಿಡಿ. ಇನ್ಮೇಲೆ ದಾರೀಲಿ ಸಿಕ್ಕೋರು ಯಾರು ಬೇಕಾದ್ರೂ ಆಗಿರ್ಬೋದು, ಅಲ್ವಾ?"

ಕೊಡೆ ಬಿಚ್ಚಿ, ಎದುರು ಬರುವವರ ಮುಖಗಳನ್ನು ನೋಡುತ್ತ ನಿಧಾನವಾಗಿ ನಡೆದುಹೋದರು.

ಈಗ ನಾನು ಬೇರೆ ಕಡೆ ಕೆಲಸದಲ್ಲಿದ್ದೇನೆ. ಉತ್ತರ ಬರಲಿಲ್ಲವೆಂದು ಯಾರಾದರೂ ಬೇಸರಪಟ್ಟರೆ, ಅವರ ಮಾತು ಹೊಸ್ತಿಲು ದಾಟಿದೆಯೇ ಎಂದು ಮೊದಲು ನೋಡುತ್ತೇನೆ. ಎಷ್ಟೋ ಸಲ ದಾಟಿರುವುದಿಲ್ಲ.