ಅಜ್ಜಿಯ ಪ್ರಶ್ನೆ, ಮೇಷ್ಟ್ರ ತರಗತಿ

ಚೆನ್ನೈ ಮಹಾನಗರದಲ್ಲಿ ಕನ್ನಡ ಕಲಿಸಿದವರು ಅನೇಕರಿದ್ದಾರೆ. ಹಳೆಯ ಗ್ರಂಥಗಳನ್ನು ಪರಿಷ್ಕರಿಸಿಕೊಟ್ಟ ವಿದ್ವಾಂಸರಿಗೂ ಇಲ್ಲಿ ಕೊರತೆಯಿಲ್ಲ. ಆದರೆ ವಿಶ್ವವಿದ್ಯಾಲಯದ ತರಗತಿಯ ಬಾಗಿಲನ್ನು ಊರಿನ ಜನಕ್ಕೆಲ್ಲ ತೆರೆದಿಟ್ಟು, ಒಳಗೆ ಬಂದವರನ್ನು ‘ನೀವೇನು ಓದಿದ್ದೀರಿ’ ಎಂದು ಕೇಳದೆ ‘ನಿಮಗೇನು ಅನ್ನಿಸಿತು’ ಎಂದು ಕೇಳಿದವರು, ನನಗೆ ತಿಳಿದಂತೆ, ಡಾ. ಪಂಢರಿನಾಥ ಅವರೊಬ್ಬರೇ. ದಾಸಸಾಹಿತ್ಯದ ಸಂಶೋಧಕರಾಗಿ ಅವರ ಹಿರಿಮೆಯೇನೆಂಬುದನ್ನು ಈ ಅಭಿನಂದನ ಸಂಪುಟದಲ್ಲಿ ನನಗಿಂತ ಬಲ್ಲವರು ಬರೆದಿದ್ದಾರೆ. ನನ್ನ ಪಾಲಿಗೆ ಉಳಿದದ್ದು ಕೃತಜ್ಞತೆ. ಅದರಲ್ಲೂ ಅರ್ಧ ಪಾಲು ನಮ್ಮಜ್ಜಿ ಅಮ್ಮಣ್ಣಿಯವರದು.

ತುಮಕೂರಿನ ದರ್ಜಿಯೊಬ್ಬರ ಮಗನಾದ ಮೇಷ್ಟ್ರು ಯುವ ಅಧ್ಯಾಪಕರಾಗಿ ಈ ಊರಿಗೆ ಬಂದಾಗ ಪ್ಯಾರೀಸ್ ಕಾರ್ನರಿನ ಸಂದಿಯೊಂದರ ಲಾಡ್ಜಿನಲ್ಲಿದ್ದರಂತೆ. ಅಲ್ಲಿನ ಗಾಡಿ ತಳ್ಳುವವರಿಂದ ಕಲಿತ ತಮಿಳು ಈಗಲೂ ಅವರ ನಾಲಿಗೆಯ ಮೇಲಿದೆ. ನಮ್ಮ ಕನ್ನಡ ವಿಭಾಗದಲ್ಲಿ ಆಗ ವಿದ್ಯಾರ್ಥಿಗಳಿಗಿಂತ ಕುರ್ಚಿಗಳೇ ಹೆಚ್ಚು. ಬೇರೆಯವರಾಗಿದ್ದರೆ ಕುರ್ಚಿಗಳನ್ನು ಉಗ್ರಾಣಕ್ಕೆ ಕಳುಹಿಸುತ್ತಿದ್ದರು. ಇವರು ಇತಿಹಾಸ, ಚಿತ್ರಕಲೆ, ಸಂಗೀತ ವಿಭಾಗಗಳ ಸಹೋದ್ಯೋಗಿಗಳನ್ನು ವರ್ಷಗಟ್ಟಲೆ ಕಾಡಿ ಬೇಡಿ ಒಪ್ಪಿಸಿ, ಶನಿವಾರದ ಪಾಠಗಳನ್ನು ಸಾರ್ವಜನಿಕರಿಗೆ ತೆರೆಯಿಸಿದರು. ಶುಲ್ಕವಿಲ್ಲ, ಪರೀಕ್ಷೆಯಿಲ್ಲ, ಪ್ರಮಾಣಪತ್ರವೂ ಇಲ್ಲ. “ಹಾಡುವವರು ಹೊರಗಿದ್ದಾರೆ, ಹಾಡಿನ ಬಗ್ಗೆ ಮಾತಾಡುವವರು ಒಳಗಿದ್ದಾರೆ. ಇಬ್ಬರನ್ನೂ ಒಂದು ಕೋಣೆಯಲ್ಲಿ ಕೂರಿಸೋಣ,” ಎಂಬುದು ಅವರ ವಾದವಾಗಿತ್ತು.

ತಿರುವಲ್ಲಿಕ್ಕೇಣಿಯ ನಮ್ಮ ಮನೆಗೆ ಈ ಸುದ್ದಿ ಮುಟ್ಟಿದ್ದೇ ತಡ, ಅಜ್ಜಿ ರೇಷ್ಮೆ ಸೀರೆ ಉಟ್ಟು ಸಿದ್ಧರಾದರು. ಹದಿನಾರಕ್ಕೆ ಮದುವೆಯಾಗಿ ಶಾಲೆ ಬಿಟ್ಟವರಿಗೆ ‘ಕಾಲೇಜಿಗೆ ಹೋಗುತ್ತೇನೆ’ ಎಂದು ಬೀದಿಯವರಿಗೆಲ್ಲ ಹೇಳುವ ಯೋಗ ಅರವತ್ತೆಂಟಕ್ಕೆ ಬಂದಿತ್ತು. ಮೇಲ್ಸೇತುವೆಯ ಮೇಲೆ ಓಡುವ ರೈಲು ಹತ್ತಿಸಿ, ಪೆರುಂಗುಡಿಯಲ್ಲಿ ಇಳಿಸಿ, ಷೇರ್ ಆಟೋದಲ್ಲಿ ಕರೆದೊಯ್ಯುವ ಕೆಲಸ ಮೊಮ್ಮಗಳಾದ ನನಗೆ ಬಿತ್ತು. ಆಗ ನನಗೆ ಕನ್ನಡ ಅರ್ಥವಾಗುತ್ತಿತ್ತು, ಓದಲು ಬರುತ್ತಿರಲಿಲ್ಲ.

ಮೊದಲ ದಿನವೇ ಎಡವಟ್ಟಾಯಿತು. ನಮ್ಮ ಕಡೆಯ ಹಿರಿಯರಿಗೆ ದಾಸರ ಪದದ ಬಗ್ಗೆ ಒಬ್ಬರು ಕುಳಿತು ಮಾತಾಡುತ್ತಾರೆಂದರೆ ಅದು ಪ್ರವಚನವೇ. ಎಲ್ಲರೂ ಚಪ್ಪಲಿಯನ್ನು ಓಣಿಯಂಥ ಹಜಾರದಲ್ಲಿ ಬಿಟ್ಟರು. ಮೇಜಿನ ಮೇಲೆ ಬಾಳೆಹಣ್ಣು, ವೀಳ್ಯದೆಲೆ, ಬಗೆಬಗೆಯ ಹೂ ಬೆರೆಸಿ ಕಟ್ಟಿದ ಕದಂಬದ ಮಾಲೆ ಇದ್ದ ತಟ್ಟೆ ಬಂತು. ಮೇಷ್ಟ್ರು ಪಾಠ ಮುಗಿಸುವ ಮೊದಲೇ ಅಜ್ಜಿ ಮಂಗಳಾರತಿಯ ಪದ ಎತ್ತಿಬಿಟ್ಟರು, ಎಂ.ಎ. ವಿದ್ಯಾರ್ಥಿಗಳು ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ಆಮೇಲೆ ಅಜ್ಜಿ ಕೈಮುಗಿದು, “ಆಚಾರ್ರೇ, ನಿಮ್ಮದು ಯಾವ ಮಠ?” ಎಂದು ಕೇಳಿದರು.

“ನಮ್ಮಪ್ಪನದು ಹೊಲಿಗೆ ಮಿಷನ್ನಿನ ಮಠ, ತಾಯಿ. ನನ್ನನ್ನ ಮೇಷ್ಟ್ರು ಅನ್ನಿ, ಸಾಕು,” ಎಂದರು ಪಂಢರಿನಾಥರು. ಕೆಲವರು ಮುಖ ಮುಖ ನೋಡಿಕೊಂಡರು. ಅಜ್ಜಿ ಮಾತ್ರ ತಟ್ಟೆಯನ್ನು ಅವರ ಹತ್ತಿರಕ್ಕೆ ಇನ್ನಷ್ಟು ಸರಿಸಿದರು.

ಬಾಗಿಲ ಹೊರಗೆ ನಿಂತಿದ್ದ ನನ್ನನ್ನು ಮೇಷ್ಟ್ರು ಕಂಡದ್ದೂ ಆ ದಿನವೇ. “ಚಪ್ಪಲಿ ಕಾಯೋಕೆ ಬಂದಿದೀಯೇನಮ್ಮ? ಒಳಗೆ ಬಾ,” ಎಂದರು. ನನಗೆ ಕನ್ನಡ ಸರಿಯಾಗಿ ಬರುವುದಿಲ್ಲವೆಂದು ತಮಿಳಿನಲ್ಲಿ ಹೇಳಿದೆ. “ತಮಿಳಲ್ಲೇ ಕೇಳು, ತಮಿಳಲ್ಲೇ ಹೇಳ್ತೀನಿ. ಕನ್ನಡಕ್ಕೇನೂ ಅವಸರ ಇಲ್ಲ,” ಎಂದು ಅವರು ಹೇಳಿದ ಮಾತಿನಿಂದಲೇ ನನ್ನ ಇಂದಿನ ಉದ್ಯೋಗ ಶುರುವಾಯಿತು. ಐಟಿ ಕಚೇರಿಯಲ್ಲಿದ್ದ ಮಂಡ್ಯದ ಪಾವನಾ ಕೈಗೂಸಿನೊಡನೆ ಬಂದು ಬಾಗಿಲಲ್ಲಿ ಹಿಂಜರಿದಾಗ, ಮಗುವನ್ನು ಹೆಗಲಿಗೆ ಹಾಕಿಕೊಂಡು ಇಡೀ ಪಾಠ ಮಾಡಿದವರೂ ಇವರೇ. ಮಗು ನಿದ್ದೆಹೋಯಿತು, “ನನ್ನ ಪಾಠದ ಬಗ್ಗೆ ಪ್ರಾಮಾಣಿಕ ವಿಮರ್ಶೆ,” ಎಂದು ನಕ್ಕರು.

ಆದರೆ ಮಂಗಳಾರತಿಯ ಸದ್ದು ವಿಶ್ವವಿದ್ಯಾಲಯದ ಮೇಲಿನವರ ಕಿವಿಗೂ ಬಿತ್ತು. ಪಾಠದ ಕೋಣೆ ಭಜನಾ ಮಂದಿರವಾಗುತ್ತಿದೆ, ಸಮಿತಿ ಬಂದು ನೋಡುತ್ತದೆ, ಅದು ತರಗತಿಯಲ್ಲವೆಂದು ಕಂಡರೆ ಕಲಾ ವಿಭಾಗಗಳೆಲ್ಲವೂ ಹೊರಗಿನವರಿಗೆ ಬಾಗಿಲು ಮುಚ್ಚಬೇಕು ಎಂಬ ಸೂಚನೆ ಬಂತು. ಅಜ್ಜಿಗೆ ಎರಡು ದಿನ ಊಟ ಸೇರಲಿಲ್ಲ. ‘ನನ್ನಿಂದಲೇ ಎಲ್ಲರ ಕಾಲೇಜು ಹೋಗುತ್ತದೆ’ ಎಂದು ಕೊರಗಿದರು.

ಹಣ್ಣಿನ ತಟ್ಟೆಯನ್ನು ನಿಷೇಧಿಸಿದ್ದರೆ ಕೆಲಸ ಸುಲಭವಾಗುತ್ತಿತ್ತು. ಮೇಷ್ಟ್ರಿಗೆ ಸುಲಭದ ದಾರಿ ಎಂದೂ ಹಿಡಿಸಿದ್ದಲ್ಲ. “ತಟ್ಟೆ ಇರಲಿ. ಆದರೆ ಯಾರಾದರೂ ಒಬ್ಬರು ನನ್ನ ಮಾತನ್ನ ಒಪ್ಪದೆ ಒಂದು ಪ್ರಶ್ನೆ ಕೇಳಬೇಕು. ಅಲ್ಲೀವರೆಗೂ ಹಣ್ಣು ಯಾರೂ ಮುಟ್ಟೋ ಹಾಗಿಲ್ಲ,” ಎಂದು ಕಟ್ಟಳೆ ಮಾಡಿದರು. ಪ್ರವಚನದಲ್ಲಿ ತಲೆಯಾಡಿಸಿ ಅಭ್ಯಾಸವಾದವರು ಗುರುವನ್ನು ಪ್ರಶ್ನಿಸುವುದುಂಟೆ? ವಾರ ವಾರವೂ ಬಾಳೆಹಣ್ಣು ಹಾಗೆಯೇ ರೈಲು ಹತ್ತಿ ವಾಪಸು ಬಂತು.

ಸಮಿತಿಯವರು ಬಂದ ಶನಿವಾರ ಎಲ್ಲರೂ ಬಿಗಿಯಾಗಿ ಕುಳಿತಿದ್ದೆವು. ಸಂಸಾರದ ಹಂಗು ತೊರೆದು ತಂಬೂರಿ ಹಿಡಿದು ಊರೂರು ಅಲೆದ ದಾಸರ ವೈರಾಗ್ಯವನ್ನು ಮೇಷ್ಟ್ರು ಬಣ್ಣಿಸುತ್ತಿದ್ದರು. ಪಾಠ ಮುಗಿಯಿತು. ಸಮಿತಿಯ ಮುಖ್ಯಸ್ಥರು ಪೆನ್ನಿನ ಮುಚ್ಚಳ ಹಾಕಿದರು. ಆಗ ಅಜ್ಜಿ ಬೆಂಚು ಹಿಡಿದುಕೊಂಡು ಎದ್ದು ನಿಂತರು.

“ಕೊಂಜಂ, ಸ್ವಲ್ಪ ನಿಲ್ಲಿ ಮೇಷ್ಟ್ರೇ. ನನಗೊಂದು ಕೇಳ್ವಿ ಇದೆ. ಅವರು ಹಾಡ್ಕೊಂಡು ಹೊರಟುಬಿಟ್ರು, ದೊಡ್ಡ ವೈರಾಗ್ಯ ಅಂತೀರಿ. ನಾನು ಒಪ್ಪಲ್ಲ. ಮನೇಲಿ ಉಳಿದ ಹೆಂಡ್ತಿ, ಪಾವಂ, ಪಾಪ, ಮಕ್ಕಳನ್ನ ಕಟ್ಕೊಂಡು ಒಲೆ ಹಚ್ಚಿದ್ಳಲ್ಲ, ಅವಳು ಏನ್ ಹಾಡಿದ್ಳು? ಅದನ್ನ ಯಾರಾದ್ರೂ ಬರೆದಿಟ್ಟಿದಾರಾ?”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ಹಾಡು ಕಟ್ಟಿದ ಹೆಂಗಸರು ಇದ್ದಾರೆ ತಾಯಿ, ಅವರ ಬಗ್ಗೆ ಹೇಳಬಲ್ಲೆ. ಆದರೆ ನೀವು ಕೇಳ್ತಿರೋದು ಆ ಮನೇಲಿ ಉಳಿದವಳ ಮಾತು. ಅದು ನನಗೆ ಗೊತ್ತಿಲ್ಲ. ಇಷ್ಟು ವರ್ಷ ಪಾಠ ಮಾಡಿದೀನಿ, ಒಂದು ಸಲವೂ ಹೊಳೀಲಿಲ್ಲ. ಹುಡುಕ್ತೀನಿ,” ಎಂದರು.

ಸಮಿತಿಯ ಎದುರು, ಕುರ್ಚಿಯ ಮೇಲಿದ್ದ ವಿದ್ವಾಂಸರೊಬ್ಬರು ‘ಗೊತ್ತಿಲ್ಲ’ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮುಖ್ಯಸ್ಥರು ಪೆನ್ನಿನ ಮುಚ್ಚಳವನ್ನು ಮತ್ತೆ ತೆಗೆದು, “ಇದು ತರಗತಿಯೇ,” ಎಂದರು. ಮೊದಲ ಬಾಳೆಹಣ್ಣನ್ನು ಅಜ್ಜಿ ಅವರ ಕೈಗೇ ಕೊಟ್ಟರು. ಬಾಗಿಲು ಮುಚ್ಚಲಿಲ್ಲ, ಇಂದಿಗೂ ಮುಚ್ಚಿಲ್ಲ.

ಮೇಷ್ಟ್ರು ಹುಡುಕುತ್ತೇನೆಂದದ್ದು ಸಭಾ ಮರ್ಯಾದೆಗಲ್ಲ. ಶನಿವಾರದ ತಂಡವನ್ನೇ ಕಟ್ಟಿಕೊಂಡು ತಿರುವಲ್ಲಿಕ್ಕೇಣಿಯಿಂದ ಪಲ್ಲಾವರಂವರೆಗೆ ಮನೆಮನೆಯ ಅಡುಗೆಮನೆಗಳಲ್ಲಿ ಕುಳಿತು, ಹಿರಿಯ ಹೆಂಗಸರ ಹಾಡುಗಳನ್ನು ಧ್ವನಿಮುದ್ರಿಸಿದರು. ಆ ಸಂಗ್ರಹ ಇನ್ನೂ ಬೆಳೆಯುತ್ತಿದೆ. ಕನ್ನಡ ಅಕ್ಷರವನ್ನು ನಾನು ಕಲಿತದ್ದು ಆ ಹಾಡುಗಳನ್ನು ಬರೆದುಕೊಳ್ಳುವುದಕ್ಕಾಗಿ. ಇಂದು ಅದೇ ವಿಭಾಗದಲ್ಲಿ ಅಧ್ಯಾಪಕಿಯಾಗಿದ್ದೇನೆ. ಈ ವರ್ಷದಿಂದ ಶನಿವಾರದ ತರಗತಿಯೂ ನನ್ನದು. ಅವರ ಋಣ ಹೇಗೆ ತೀರಿಸುವುದೆಂದು ನನಗೆ ನಿಜವಾಗಿಯೂ ತಿಳಿಯದು.

ಅಜ್ಜಿಗೆ ಈಗ ರೈಲು ನಿಲ್ದಾಣದ ಮೆಟ್ಟಿಲು ಹತ್ತಲಾಗುವುದಿಲ್ಲ. ಮೇಷ್ಟ್ರು ನಿವೃತ್ತರಾಗುತ್ತಿದ್ದಾರೆ, ಅವರಿಗೊಂದು ಅಭಿನಂದನ ಗ್ರಂಥ ಬರುತ್ತಿದೆ, ನೂರು ವರ್ಷ ಬಾಳಲೆಂದು ಹಾರೈಸಿ ನನ್ನ ಲೇಖನ ಮುಗಿಸುತ್ತೇನೆ ಎಂದು ಹೇಳಿದೆ. ಅಜ್ಜಿಗೆ ಅದು ಸಾಲಲಿಲ್ಲ. ನನ್ನಿಂದ ಇದಕ್ಕಿಂತ ಒಳ್ಳೆಯ ಹಾರೈಕೆ ಹುಟ್ಟದಿರುವುದರಿಂದ ಅವರು ಹೇಳಿದ್ದನ್ನೇ ಮೇಷ್ಟ್ರ ಪಾದಗಳಿಗೆ ಒಪ್ಪಿಸುತ್ತೇನೆ:

“ವಿಭಾ, ಹೀಗೆ ಬರಿ. ರಿಟೈರ್ ಆಗ್ಲಿ, ಪರವಾಯಿಲ್ಲೆ. ಆದ್ರೆ ನನ್ನ ಕೇಳ್ವಿಗೆ ಇನ್ನೂ ಪೂರ್ತಿ ಉತ್ತರ ಬಂದಿಲ್ಲ. ಅದು ಸಿಗೋ ತನಕ ಅವರು ಗಟ್ಟಿಯಾಗಿ ಇರ್ಲೇಬೇಕು. ಕೇಳೋಕೆ ನಾನೂ ಇರ್ತೀನಿ.”